ಹಿಮದ ಬೆಟ್ಟಕ್ಕೆ ಹೊರಡುವ ನಮ್ಮ ಕೋಲಾರ ಸೀಮೆಯ ಮನೆಗಳಿಗೆ ಕಿವಿಮಾತು

ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳಲ್ಲಿ ದುಡಿಯುವ ಮಕ್ಕಳು, ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಕ್ಕಳು ಈಗ ಊರಿಗೆ ಬಂದಾಗ "ಅಪ್ಪಾ, ಈ ಸಲ ಎಲ್ಲರೂ ಹಿಮ ನೋಡಲು ಹೋಗೋಣ, ಹುಡುಗರು ಸ್ಕೀಯಿಂಗ್ ಕಲಿಯಲಿ" ಅನ್ನುತ್ತಾರೆ. ಸಂತೋಷದ ಮಾತು. ಬರೀ ತಿರುಪತಿ, ಧರ್ಮಸ್ಥಳ ಅಂತ ಮುಗಿದುಹೋದ ತಲೆಮಾರು ನಮ್ಮದು. ಮೊಮ್ಮಕ್ಕಳ ಜೊತೆ ಹಿಮಾಲಯ ನೋಡುವ ಯೋಗ ಬಂದರೆ ಯಾಕೆ ಬೇಡ ಅನ್ನಬೇಕು? ಆದರೆ ಹಸು, ಹುಳುಮನೆ, ಮಾವಿನ ತೋಟ ಇರುವ ಮನೆಗೆ ಸುಮ್ಮನೆ ಬೀಗ ಜಡಿದು ಹೊರಡಲು ಆಗುವುದಿಲ್ಲ. ಟೂರ್ ಕಂಪನಿಯವರು ಕೊಡುವ ಪಟ್ಟಿಯಲ್ಲಿ ಅದರ ಸೊಲ್ಲೇ ಇರುವುದಿಲ್ಲ. ಅದಕ್ಕೇ ಹಿರಿಯನಾಗಿ ನಾಲ್ಕು ಮಾತು ಹೇಳುತ್ತಿದ್ದೇನೆ.

• ಮೊದಲು ತಾರೀಕು ನೋಡಿ. ಸ್ಕೀಯಿಂಗ್‌ಗೆ ಬೇಕಾದ ಹಿಮ ಸಿಗುವುದು ಡಿಸೆಂಬರ್ ಕೊನೆಯಿಂದ ಮಾರ್ಚ್ ಮಧ್ಯದವರೆಗೆ. ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ 40 ದಿನ ಅತಿ ಕಠಿಣ ಚಳಿ. ಅದನ್ನು ಅಲ್ಲಿನವರು ಚಿಲ್ಲೈ ಕಲಾನ್ ಅನ್ನುತ್ತಾರೆ. ನಮ್ಮ ಶಾಲೆಗಳ ದೊಡ್ಡ ರಜೆ ಇರುವುದು ದಸರಾಕ್ಕೆ ಮತ್ತು ಏಪ್ರಿಲ್–ಮೇ ತಿಂಗಳಲ್ಲಿ. ಆ ಎರಡೂ ಹೊತ್ತಿನಲ್ಲಿ ಹೊಸಬರು ಕಲಿಯುವ ಇಳಿಜಾರುಗಳ ಮೇಲೆ ಸಾಕಷ್ಟು ಹಿಮ ಇರುವುದಿಲ್ಲ. ಮಾರ್ಚ್ ಬಂದರೆ ಪರೀಕ್ಷೆ. ಹಾಗಾಗಿ ಜನವರಿ 26ರ ರಜೆಗೆ ನಾಲ್ಕೈದು ದಿನ ಸೇರಿಸಿಕೊಂಡು ಫೆಬ್ರವರಿ ಮೊದಲ ವಾರದೊಳಗೆ ಹಿಂದಿರುಗುವುದು ಒಳ್ಳೆಯದು. ಮನೆಯಲ್ಲಿ ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಓದುವ ಮಗು ಇದ್ದರೆ ಆ ವರ್ಷ ಬಿಟ್ಟುಬಿಡಿ. ಮಿಕ್ಕ ಮಕ್ಕಳಿಗೂ ಸುಳ್ಳು ಜ್ವರದ ರಜೆಚೀಟಿ ಬರೆಯಬೇಡಿ. ಮೇಷ್ಟ್ರ ಹತ್ತಿರ ಹೋಗಿ ನಿಜ ಹೇಳಿ ಕೇಳಿಕೊಳ್ಳಿ.

• ತಾರೀಕು ಗೊತ್ತು ಮಾಡಿದ ಮಾತ್ರಕ್ಕೆ ಹಿಮ ಬೀಳುವುದಿಲ್ಲ. 2024ರ ಜನವರಿಯಲ್ಲಿ ಗುಲ್ಮಾರ್ಗ್ ತಿಂಗಳ ಬಹುಪಾಲು ಬೋಳಾಗಿಯೇ ಇತ್ತು. 2025ರ ಫೆಬ್ರವರಿಯಲ್ಲಿ ಅಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳನ್ನೇ ಹಿಮ ಸಾಲದೆ ಮಾರ್ಚ್‌ಗೆ ಮುಂದೂಡಿದರು. ಮಳೆ ನಂಬಿ ರಾಗಿ ಬಿತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೋಣೆ ಗೊತ್ತು ಮಾಡುವಾಗ ರದ್ದು ಮಾಡಿದರೆ ಹಣ ವಾಪಸು ಬರುತ್ತದೆಯೇ ಎಂದು ಕೇಳಿ, ಬರಹದಲ್ಲಿ ಪಡೆದುಕೊಳ್ಳಿ.

• ಶ್ರೀನಿವಾಸಪುರದ ಕಡೆಯವರಿಗೆ ಇನ್ನೊಂದು ತೊಡಕು. ಬೆಟ್ಟದಲ್ಲಿ ಹಿಮ ಬೀಳುವ ಹೊತ್ತಿಗೇ ನಮ್ಮಲ್ಲಿ ಮಾವು ಹೂ ಬಿಡುತ್ತದೆ. ಜಿಗಿಹುಳು, ಬೂದಿರೋಗಕ್ಕೆ ಔಷಧಿ ಹೊಡೆಯುವ ಕೆಲಸವನ್ನು ಆ ದಿನಗಳಲ್ಲಿ ಒಂದು ವಾರ ತಡ ಮಾಡಿದರೂ ಹೂವಿನ ಗೊಂಚಲು ಕಪ್ಪಾಗಿ ಉದುರಿಹೋಗುತ್ತದೆ. ಆಮೇಲೆ ಎಷ್ಟು ಹೊಡೆದರೂ ಕಾಯಿ ಕಚ್ಚುವುದಿಲ್ಲ. ತೋಟವನ್ನು ಗುತ್ತಿಗೆಗೆ ಕೊಟ್ಟವರಿಗೆ ಈ ಚಿಂತೆ ಇಲ್ಲ. ಸ್ವಂತ ನೋಡಿಕೊಳ್ಳುವವರು ಒಂದು ಸುತ್ತು ಔಷಧಿ ಹೊಡೆಸಿಯೇ ಹೊರಡಿ. ಮುಂದಿನ ಸುತ್ತಿಗೆ ಬೇಕಾದ್ದನ್ನು ತಂದಿಟ್ಟು, ಯಾವ ದಿನ ಎಷ್ಟು ಡ್ರಮ್ಮಿಗೆ ಎಷ್ಟು ಬೆರೆಸಬೇಕು ಎಂದು ಚೀಟಿ ಬರೆದು ಅಣ್ಣನಿಗೋ ಭಾವನಿಗೋ ಒಪ್ಪಿಸಿ.

• ರೇಷ್ಮೆ ಇರುವ ಮನೆಯವರು ಎರಡು ಬೆಳೆಗಳ ನಡುವಿನ ಬಿಡುವಿನಲ್ಲಿ ಮಾತ್ರ ಹೊರಡಬೇಕು. ಚಾಕಿ ಹುಳು ತಂದ ದಿನದಿಂದ ಗೂಡು ಬಿಡಿಸಿ ಮಾರುಕಟ್ಟೆಗೆ ಹಾಕುವವರೆಗೆ ಮೂರು ವಾರದ ಮೇಲಾಗುತ್ತದೆ. ನಾಲ್ಕನೇ ಜ್ವರ ಎದ್ದ ಹುಳುವಿಗೆ ಸೊಪ್ಪು ಹಾಕುವ ಕೆಲಸವನ್ನು ಯಾರ ತಲೆಗೂ ಕಟ್ಟಬೇಡಿ. ಅವರು ನಿಮ್ಮಷ್ಟು ಸಲ ರಾತ್ರಿ ಏಳುವುದಿಲ್ಲ. ಗೂಡು ಮಾರಿ, ಮನೆ ತೊಳೆದು ಔಷಧಿ ಹೊಡೆದು ಬಾಗಿಲು ಹಾಕಿದ ಆ ದಿನಗಳೇ ನಿಮ್ಮ ರಜೆ. ಟಿಕೆಟ್ ಮಾಡಿಸುವ ಮುಂಚೆಯೇ ಚಾಕಿ ತರುವ ದಿನವನ್ನು ಅದಕ್ಕೆ ತಕ್ಕಂತೆ ಹಿಂದೆ ಮುಂದೆ ಮಾಡಿಕೊಳ್ಳಿ.

• ಹಸುವಿನ ವಿಚಾರ ಎಲ್ಲರೂ ಕೊನೆಗೆ ನೆನೆಸುತ್ತಾರೆ. ಕೈ ಬದಲಾದರೆ ಹಸು ಸೊರ ಬಿಡುವುದಿಲ್ಲ, ಹಾಲು ಏರಿಸಿಕೊಳ್ಳುತ್ತದೆ. ಹೊರಡುವ ಹಿಂದಿನ ದಿನ ಪಕ್ಕದ ಮನೆಯವರಿಗೆ ಹಗ್ಗ ಕೊಟ್ಟು ಹೋದರೆ ಹಸುವಿಗೂ ಹಿಂಸೆ, ಅವರಿಗೂ ಹಿಂಸೆ. ಒಂದು ವಾರ ಮುಂಚಿತವಾಗಿ ಬೆಳಿಗ್ಗೆ ನೀವು, ಸಾಯಂಕಾಲ ಅವರು ಕರೆಯಿರಿ. ಬೂಸಾ, ಮೇವು ಎಲ್ಲಿದೆ, ಡೈರಿಗೆ ಎಷ್ಟು ಹೊತ್ತಿಗೆ ಹಾಲು ಹಾಕಬೇಕು, ಪಶುವೈದ್ಯರ ಫೋನ್ ನಂಬರ್ ಏನು ಎಂಬುದನ್ನು ಕೊಟ್ಟಿಗೆಯ ಗೋಡೆಗೇ ಅಂಟಿಸಿ. ಕರು ಹಾಕುವ ದಿನ ಹತ್ತಿರ ಇರುವ ಹಸು ಕೊಟ್ಟಿಗೆಯಲ್ಲಿದ್ದರೆ ಪ್ರವಾಸವನ್ನೇ ಮುಂದೂಡಿ.

• ದುಡ್ಡು. ಒಡವೆ ಅಡವಿಟ್ಟು, ಸಂಘದ ಸಾಲ ಎತ್ತಿ ಹಿಮ ನೋಡಲು ಹೋಗಬೇಡಿ. ವರ್ಷ ಮೊದಲೇ ಸಣ್ಣದೊಂದು ಚೀಟಿ ಹಾಕಿ, ಆ ಹಣಕ್ಕೆ ಬೇರೆ ಹೆಸರು ಇಡಬೇಡಿ. ಟೊಮೆಟೊಗೆ ರೇಟು ಬಂದ ಹುಮ್ಮಸ್ಸಿನಲ್ಲಿ ಟಿಕೆಟ್ ಮಾಡಿಸುವುದೂ ಬೇಡ. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ. ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು. ಅದೇ ಸೆಪ್ಟೆಂಬರ್ ಹೊತ್ತಿಗೆ ಬೆಲೆ ನೆಲ ಕಚ್ಚಿತು.

• ಜಾಗ ಯಾವುದು? ನಮ್ಮ ದೇಶದಲ್ಲಿ ಮನೆಮಂದಿ ಸಮೇತ ಹೋಗಿ ಕಲಿಯಬಹುದಾದ ಹೆಸರಾಂತ ಜಾಗಗಳು ಮೂರು: ಕಾಶ್ಮೀರದ ಗುಲ್ಮಾರ್ಗ್, ಹಿಮಾಚಲದಲ್ಲಿ ಮನಾಲಿಯ ಹತ್ತಿರದ ಸೋಲಂಗ್ ಕಣಿವೆ, ಉತ್ತರಾಖಂಡದ ಔಲಿ. ಸ್ಕೀಯಿಂಗ್ ಕಲಿಯಲೇಬೇಕು ಎನ್ನುವವರಿಗೆ ಗುಲ್ಮಾರ್ಗ್‌ಗೆ ಸಮನಾದದ್ದು ಇಲ್ಲ. ಅಲ್ಲಿ ಹೊಸಬರಿಗೆ ಅಂತಲೇ ಮೆತ್ತನೆಯ ಇಳಿಜಾರು ಇದೆ, ಕೇಂದ್ರ ಸರ್ಕಾರದ ಸ್ಕೀಯಿಂಗ್ ತರಬೇತಿ ಸಂಸ್ಥೆಯೂ ಇದೆ. ವಯಸ್ಸಾದವರು ಜೊತೆಗಿದ್ದು, ಹಿಮ ಮುಟ್ಟಿ ಆಡಿ ಬಂದರೆ ಸಾಕು ಎನ್ನುವವರಿಗೆ ಮನಾಲಿ ವಾಸಿ. 2020ರ ಅಕ್ಟೋಬರ್‌ನಲ್ಲಿ 9.02 ಕಿ.ಮೀ. ಉದ್ದದ ಅಟಲ್ ಸುರಂಗ ತೆರೆದ ಮೇಲೆ, ಸೋಲಂಗ್‌ನಲ್ಲಿ ಹಿಮ ಕಡಿಮೆ ಇದ್ದರೂ ಆಚೆ ಕಡೆಯ ಸಿಸ್ಸುವಿಗೆ ಹೋಗಿ ನೋಡಿಬರಬಹುದು. ಔಲಿಯ ನೋಟ ಮೂರರಲ್ಲೂ ಚೆಂದ, ನಂದಾದೇವಿ ಶಿಖರ ಎದುರಿಗೇ ನಿಂತಿರುತ್ತದೆ. ಆದರೆ ಋಷಿಕೇಶದಿಂದ ಜೋಶಿಮಠಕ್ಕೆ ಸುಮಾರು 250 ಕಿ.ಮೀ. ಬೆಟ್ಟದ ದಾರಿ. 2023ರ ಜನವರಿಯಲ್ಲಿ ಜೋಶಿಮಠದಲ್ಲಿ ನೆಲ ಕುಸಿದಾಗ ಅಲ್ಲಿಂದ ಔಲಿಗಿದ್ದ ರೋಪ್‌ವೇ ನಿಲ್ಲಿಸಿದರು. ಅದನ್ನು ನಂಬದೆ ರಸ್ತೆಯ ಲೆಕ್ಕದಲ್ಲೇ ಯೋಜನೆ ಹಾಕಿ. ವಾಂತಿ ಬರುವ ಮಕ್ಕಳಿಗೆ, ಸೊಂಟನೋವಿನ ಹಿರಿಯರಿಗೆ ಆ ದಾರಿ ಬೇಡ.

• ಕಾಶ್ಮೀರ ಅಂದಾಗ "ಅಲ್ಲಿ ಭಯವಿಲ್ಲವೇ?" ಎಂದು ಮನೆಯ ಹೆಂಗಸರು ಕೇಳುವ ಪ್ರಶ್ನೆಯನ್ನು ತಳ್ಳಿಹಾಕಬೇಡಿ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಭಯೋತ್ಪಾದಕರು 26 ಮಂದಿಯನ್ನು ಕೊಂದರು. ಸತ್ತವರಲ್ಲಿ ನಮ್ಮ ರಾಜ್ಯದವರೂ ಇದ್ದರು. ಆಮೇಲೆ ಎಷ್ಟೋ ಪ್ರವಾಸಿ ತಾಣಗಳನ್ನು ಮುಚ್ಚಿ ಹಂತಹಂತವಾಗಿ ತೆರೆದರು. ಹೊರಡುವ ವಾರ ಸರ್ಕಾರದ ಸೂಚನೆ ನೋಡಿ, ತೆರೆದಿರುವ ಜಾಗಕ್ಕೆ ಮಾತ್ರ ಹೋಗಿ, ಕತ್ತಲಾಗುವ ಮುಂಚೆ ಕೋಣೆ ಸೇರಿ. ಮನೆಯಲ್ಲಿ ಒಬ್ಬರಿಗೆ ಅಳುಕಿದ್ದರೂ ಮನಾಲಿಗೆ ಹೋಗಿ. ಭಯ ಹೊತ್ತುಕೊಂಡು ಯಾರೂ ರಜೆ ಕಳೆಯಬಾರದು.

• ಒಂದೇ ಊರಿನಲ್ಲಿ ಉಳಿಯಿರಿ. ಇದು ನಾನು ಒತ್ತಿ ಹೇಳುವ ಮಾತು. ಆರು ದಿನದಲ್ಲಿ ಐದು ಊರು ತೋರಿಸುವ ಪ್ಯಾಕೇಜಿನಲ್ಲಿ ಮಕ್ಕಳು ನೋಡುವುದು ಟೆಂಪೋ ಟ್ರಾವೆಲರ್‌ನ ಕಿಟಕಿ. ಸ್ಕೀ ಮೇಲೆ ನಿಲ್ಲುವುದಕ್ಕೇ ಒಂದು ದಿನ ಬೇಕು, ನಿಲ್ಲಿಸುವುದು ಕಲಿಯಲು ಇನ್ನೊಂದು ದಿನ. ಖುಷಿ ಶುರುವಾಗುವುದು ಮೂರನೇ ದಿನ. ಆ ಹೊತ್ತಿಗೆ ಗಾಡಿ ಹತ್ತಿಸಿಬಿಟ್ಟರೆ ಅಷ್ಟು ದೂರ ಹೋದದ್ದೇ ದಂಡ.

• ದಾರಿ. ವಿಮಾನ ನಿಲ್ದಾಣಕ್ಕೆ ಬೆಂಗಳೂರು ಹೊಕ್ಕು ಹೋಗಬೇಕಿಲ್ಲ. ಕೋಲಾರದವರು ವೇಮಗಲ್, ವಿಜಯಪುರದ ಮೇಲೆ, ಶ್ರೀನಿವಾಸಪುರದವರು ಚಿಂತಾಮಣಿ, ವಿಜಯಪುರದ ಮೇಲೆ, ಮಾಲೂರಿನವರು ಹೊಸಕೋಟೆ ಮೇಲೆ ದೇವನಹಳ್ಳಿ ಸೇರಬಹುದು. ರೈಲಿನಲ್ಲಿ ಹೋಗುವವರಿಗೆ ಬೆಂಗಳೂರಿನಿಂದ ದೆಹಲಿಗೆ ಎರಡು ರಾತ್ರಿಯ ಪ್ರಯಾಣ. ಟಿಕೆಟ್ 60 ದಿನ ಮೊದಲು ತೆರೆಯುತ್ತದೆ, ಅದೇ ಬೆಳಿಗ್ಗೆ ಮಾಡಿಸಿ. 2025ರ ಜೂನ್‌ನಿಂದ ಕಟ್ರಾದಿಂದ ಶ್ರೀನಗರಕ್ಕೆ ವಂದೇ ಭಾರತ್ ರೈಲು ಓಡುತ್ತಿದೆ. ನದಿಯ ಮೇಲೆ 359 ಮೀಟರ್ ಎತ್ತರದ ಚೆನಾಬ್ ಸೇತುವೆ ದಾಟಿ ಸುಮಾರು ಮೂರು ತಾಸಿನಲ್ಲಿ ಕಣಿವೆ ಸೇರಿಸುತ್ತದೆ. ಹಿರಿಯರಿಗೆ ವಿಮಾನಕ್ಕಿಂತ ಇದು ಹಿತ. ಡಿಸೆಂಬರ್, ಜನವರಿಯಲ್ಲಿ ದೆಹಲಿಯ ದಟ್ಟ ಮಂಜಿಗೆ ವಿಮಾನ, ರೈಲು ಎರಡೂ ಗಂಟೆಗಟ್ಟಲೆ ತಡವಾಗುತ್ತವೆ. ಒಂದರಿಂದ ಇಳಿದು ಇನ್ನೊಂದು ಹಿಡಿಯುವ ನಡುವೆ ಅರ್ಧ ದಿನವಾದರೂ ಬಿಡಿ.

• ಎಲ್ಲರ ಆಧಾರ್ ಕಾರ್ಡ್ ಅಸಲು ಒಯ್ಯಿರಿ, ಮಕ್ಕಳದ್ದೂ.

• ಒಂದು ತಿಂಗಳ ಮುಂಚೆ ಕಾಲು ಪಳಗಿಸಿ. ಇದಕ್ಕೆ ಜಿಮ್ ಬೇಡ. ಭಾನುವಾರ ಬೆಳಿಗ್ಗೆ ಮಕ್ಕಳನ್ನು ಕರೆದುಕೊಂಡು ಅಂತರಗಂಗೆಯ ಮೆಟ್ಟಿಲು ಹತ್ತಿ, ಬಸವನ ಬಾಯಿಂದ ಬೀಳುವ ನೀರು ಕುಡಿದು, ಅಲ್ಲಿಂದ ಮೇಲಕ್ಕೆ ತೇರಹಳ್ಳಿವರೆಗೆ ನಡೆಯಿರಿ. ಮುಳಬಾಗಿಲಿನವರಿಗೆ ಆವಣಿ ಬೆಟ್ಟ ಇದೆ, ಸೀತಮ್ಮನ ಗುಡಿವರೆಗೆ ಹತ್ತಿ. ಹತ್ತುವುದಕ್ಕಿಂತ ಇಳಿಯುವುದನ್ನು ಅಭ್ಯಾಸ ಮಾಡಿ. ಸ್ಕೀಯಿಂಗ್‌ನಲ್ಲಿ ನೋವು ಕಾಣುವುದು ತೊಡೆಯ ಮುಂಭಾಗಕ್ಕೆ, ಇಳಿಯುವಾಗ ಕೆಲಸ ಮಾಡುವುದೂ ಅದೇ ತೊಡೆ. ಸಣ್ಣ ಮಕ್ಕಳು ಹಿಮದ ಚಳಿ ತಡೆಯುತ್ತಾರೋ ಎಂಬ ಅನುಮಾನ ಇದ್ದರೆ ಮೊದಲು ಬೆಂಗಳೂರಿನ ಜಯಮಹಲ್ ಬಳಿಯ ಸ್ನೋ ಸಿಟಿ ಎಂಬ ಕೃತಕ ಹಿಮದ ತಾಣಕ್ಕೆ ಕರೆದೊಯ್ದು ನೋಡಿ. ಕೈ ಮರಗಟ್ಟಿದಾಗ ಮಗು ಹೇಗೆ ಹಟ ಮಾಡುತ್ತದೆ ಎಂಬುದು ಅಲ್ಲೇ ತಿಳಿಯುತ್ತದೆ.

• ಬಟ್ಟೆ ಮೂರು ಪದರ ಇರಲಿ. ಮೈಗಂಟಿದ ಥರ್ಮಲ್, ಅದರ ಮೇಲೆ ಉಣ್ಣೆ ಸ್ವೆಟರ್, ಹೊರಗೆ ಗಾಳಿ ನೀರು ಒಳಬಿಡದ ಜಾಕೆಟ್. ಒಳಗೆ ಹತ್ತಿ ಬನಿಯನ್ ಬೇಡ. ಬೆವರು ಹೀರಿ ಒದ್ದೆಯಾಗಿ ಬೆನ್ನ ಮೇಲೆ ತಣ್ಣಗೆ ಕೂರುತ್ತದೆ. ಸೀರೆ ಬಿಡಲೊಲ್ಲದ ಅತ್ತೆ, ಅಜ್ಜಿಯರಿಗೆ ಒತ್ತಾಯ ಮಾಡಬೇಡಿ. ಲಂಗದ ಒಳಗೆ ಥರ್ಮಲ್ ಪ್ಯಾಂಟು, ಉಣ್ಣೆ ಕಾಲುಚೀಲ, ಹಿಮ್ಮಡಿ ಮುಚ್ಚುವ ಬೂಟು ಹಾಕಿಸಿ. ಆದರೆ ಹಿಮದ ಮೇಲೆ ನಡೆಯುವಾಗ ನೆರಿಗೆ ಒದ್ದೆಯಾಗದಂತೆ ಮೇಲಕ್ಕೆ ಸಿಕ್ಕಿಸಬೇಕು. ಸ್ವೆಟರ್‌ಗಳನ್ನು ಬೆಂಗಳೂರಿನಲ್ಲಿ ಚಳಿಗಾಲಕ್ಕೆ ಟಿಬೆಟಿಯನ್ನರು ಹಾಕುವ ಅಂಗಡಿಗಳಲ್ಲಿ ಕೊಳ್ಳಬಹುದು. ಹೊರಕೋಟು ಮತ್ತು ಗಮ್‌ಬೂಟು ಮನಾಲಿಯಿಂದ ಸೋಲಂಗ್‌ಗೆ ಹೋಗುವ ದಾರಿಯಲ್ಲಿ, ಗುಲ್ಮಾರ್ಗ್‌ನ ಕೆಳಗಿನ ಟಂಗ್‌ಮಾರ್ಗ್‌ನಲ್ಲಿ ಬಾಡಿಗೆಗೆ ಸಿಗುತ್ತವೆ. ಬೂಟಿನೊಳಕ್ಕೆ ಕೈ ಹಾಕಿ ತುದಿವರೆಗೆ ಮುಟ್ಟಿ ನೋಡಿ. ಹಿಂದಿನವರ ಒದ್ದೆ ಇನ್ನೂ ಆರಿಲ್ಲದಿದ್ದರೆ ಬೇರೆ ಜೊತೆ ಕೇಳಿ. ಹರಿದ ಕಡೆಗಳ ಫೋಟೊ ಅಂಗಡಿಯವನ ಎದುರಿಗೇ ತೆಗೆದಿಟ್ಟುಕೊಳ್ಳಿ.

• ಸ್ಕೀ ಬೂಟು ಹಾಕುವುದನ್ನು ಮಕ್ಕಳಿಗೆ ನೀವೇ ನಿಂತು ಹಾಕಿಸಿ, ಅವಸರ ಮಾಡಬೇಡಿ. ಉದ್ದದ ಉಣ್ಣೆ ಕಾಲುಚೀಲ ಒಂದೇ ಜೊತೆ. ಚಳಿ ಅಂತ ಎರಡು ಜೊತೆ ಏರಿಸಿದರೆ ರಕ್ತ ಓಡದೆ ಕಾಲು ಇನ್ನೂ ತಣ್ಣಗಾಗುತ್ತದೆ, ಬೊಬ್ಬೆಯೂ ಬರುತ್ತದೆ. ಪ್ಯಾಂಟಿನ ತುದಿ ಬೂಟಿನೊಳಗೆ ಹೋಗಬಾರದು. ನೆಟ್ಟಗೆ ನಿಂತಾಗ ಬೆರಳು ಮುಂದಕ್ಕೆ ಸೋಕಬೇಕು, ಮಂಡಿ ಮಡಿಸಿದಾಗ ಕೊಂಚ ಹಿಂದಕ್ಕೆ ಸರಿಯಬೇಕು. ಅದೇ ಸರಿಯಾದ ಅಳತೆ. ಮಗು "ಬಿಗಿ" ಅಂದ ತಕ್ಷಣ ದೊಡ್ಡದು ಕೊಡಿಸಬೇಡಿ. ಸಡಿಲ ಬೂಟಿನಲ್ಲಿ ಕಾಲು ಒಂದು ಕಡೆ, ಸ್ಕೀ ಹಲಗೆ ಇನ್ನೊಂದು ಕಡೆ ತಿರುಗುತ್ತವೆ. ಹೊಸಬರಿಗೆ ಹಲಗೆಯ ಎತ್ತರ ಎದೆಯಿಂದ ಗಲ್ಲದ ನಡುವೆ ಇದ್ದರೆ ಸಾಕು. ಹಲಗೆಗೆ ಕಾಲು ಕೂರಿಸುವ ಮುಂಚೆ ಬೂಟಿನ ತಳಕ್ಕೆ ಅಂಟಿದ ಹಿಮವನ್ನು ಕೋಲಿನ ತುದಿಯಿಂದ ಕೆರೆದು ತೆಗೆಯಿರಿ. ಚೂರು ಉಳಿದರೂ ಹಲಗೆಯ ಮೇಲಿನ ಬೈಂಡಿಂಗ್ ಬೂಟನ್ನು ಹಿಡಿಯುವುದಿಲ್ಲ. ಇಳಿಜಾರಿನಲ್ಲಿದ್ದರೆ ಹಲಗೆಗಳನ್ನು ಇಳಿಜಾರಿಗೆ ಅಡ್ಡ ಇಟ್ಟು, ತಗ್ಗಿನ ಕಡೆಯ ಕಾಲನ್ನು ಮೊದಲು ಕೂರಿಸಬೇಕು. ಬೂಟಿನ ಮೂತಿಯನ್ನು ಮುಂದೆ ಸೇರಿಸಿ ಹಿಮ್ಮಡಿ ಒತ್ತಿದರೆ ಟಕ್ಕೆಂದು ಸದ್ದು ಬರುತ್ತದೆ. ಸದ್ದು ಬರದಿದ್ದರೆ ಕೂತಿಲ್ಲ ಎಂದೇ ಅರ್ಥ.

• ನಿಲ್ಲಿಸುವುದನ್ನು ಮೊದಲು ಕಲಿಸಿ, ಜಾರುವುದನ್ನು ಆಮೇಲೆ. ಹಲಗೆಗಳ ಮುಂದಿನ ತುದಿ ಹತ್ತಿರ, ಹಿಂದಿನ ತುದಿ ಅಗಲ, ಮಂಡಿ ಬಾಗಿರಬೇಕು. ಹಿಮ್ಮಡಿಗಳನ್ನು ಹೊರಕ್ಕೆ ಒತ್ತಿದಷ್ಟೂ ವೇಗ ತಗ್ಗುತ್ತದೆ. ಬೀಳುವುದು ತಪ್ಪದು ಅನ್ನಿಸಿದಾಗ ಪಕ್ಕಕ್ಕೆ, ಸೊಂಟದ ಮೇಲೆ ಕೂತಂತೆ ಬೀಳಬೇಕು. ಕೈ ಮುಂದಕ್ಕೆ ಊರಿದರೆ ಮಣಿಕಟ್ಟು ಹೋಗುತ್ತದೆ. ಹೆಲ್ಮೆಟ್ ಇಲ್ಲದೆ ಯಾರೂ ಇಳಿಯಕೂಡದು, ಅಪ್ಪಂದಿರೂ ಸೇರಿ.

• ಗಾಡಿ ಇಳಿಯುತ್ತಿದ್ದಂತೆ ಸುತ್ತುವರಿದು "ಸ್ಕೀ ಮಾಡಿಸುತ್ತೇವೆ" ಎನ್ನುವವರಲ್ಲಿ ತರಬೇತಿ ಪಡೆದವರೂ ಇರುತ್ತಾರೆ, ಇಲ್ಲದವರೂ ಇರುತ್ತಾರೆ. ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಕೇಳಿ ನೋಡಿ, ಗಂಟೆಗೆ ಎಷ್ಟು, ಹಲಗೆ ಬಾಡಿಗೆ ಸೇರಿದೆಯೇ ಎಂದು ಮೊದಲೇ ಮಾತಾಡಿಕೊಳ್ಳಿ. ಕೈ ಹಿಡಿದು ಎರಡು ಸಲ ಎಳೆದು ಫೋಟೊ ತೆಗೆಸಿ ಕಳಿಸುವವರಿಗೆ ಕೊಡುವ ಹಣವನ್ನು ಉಳಿಸಿ, ನಿಜವಾದ ಪಾಠಕ್ಕೆ ಕೊಡಿ. ಮಗುವಿಗೆ ಇಷ್ಟವಾದರೆ ಮುಂದೆ ಗುಲ್ಮಾರ್ಗ್‌ನ ಸಂಸ್ಥೆಯಲ್ಲೋ, ಸೋಲಂಗ್‌ನಲ್ಲಿ ಸ್ಕೀಯಿಂಗ್ ಕಲಿಸುವ ಮನಾಲಿಯ ಪರ್ವತಾರೋಹಣ ಸಂಸ್ಥೆಯಲ್ಲೋ ಪೂರ್ತಿ ಕೋರ್ಸಿಗೆ ಸೇರಿಸಬಹುದು. ದಕ್ಷಿಣದವರಿಗೆ ಇದೆಲ್ಲ ಬರುವುದಿಲ್ಲ ಅನ್ನಬೇಡಿ. 2024ರ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳಲ್ಲಿ ಗುಲ್ಮಾರ್ಗ್‌ನ ಹಿಮದ ಮೇಲೆ ಕರ್ನಾಟಕಕ್ಕೆ ಚಿನ್ನ ಗೆದ್ದುಕೊಟ್ಟ ಭವಾನಿ ತೆಕ್ಕಡ ನಂಜುಂಡ ನಮ್ಮ ಕೊಡಗಿನವರು. ನಮ್ಮ ಹೆಣ್ಣುಮಕ್ಕಳಿಗೆ ಅವರ ಸ್ಪರ್ಧೆಯ ವಿಡಿಯೊ ತೋರಿಸಿ ಕರೆದೊಯ್ಯಿರಿ.

• ಹಿರಿಯರ ಆರೋಗ್ಯ. ನಾವಿರುವುದು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿ. ಗುಲ್ಮಾರ್ಗ್ 2,650 ಮೀಟರ್. ಅಲ್ಲಿನ ಗೊಂಡೊಲಾ ಎಂಬ ರೋಪ್‌ವೇಯ ಮೊದಲ ಹಂತ 3,000 ಮೀಟರ್ ದಾಟಿಸುತ್ತದೆ, ಎರಡನೆಯದು ಅಫರ್ವತ್ ಬೆಟ್ಟದಲ್ಲಿ ಹತ್ತಿರ ಹತ್ತಿರ 4,000 ಮೀಟರ್‌ಗೆ ಒಯ್ಯುತ್ತದೆ. ಮೊದಲ ದಿನ ಎಲ್ಲರೂ ಸುಮ್ಮನೆ ವಿಶ್ರಾಂತಿ ತೆಗೆದುಕೊಳ್ಳಿ. ಬಿಸಿನೀರು ಹೆಚ್ಚು ಕುಡಿಯಿರಿ, ಮದ್ಯ ಬೇಡ. ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಕಂಡರೆ ಮೇಲಕ್ಕೆ ಹೋಗಬಾರದು. ಕಡಿಮೆಯಾಗದಿದ್ದರೆ ಕೆಳಗಿಳಿಯಬೇಕು. ಹೃದಯದ ತೊಂದರೆ, ಉಬ್ಬಸ ಇರುವವರು ಹೊರಡುವ ಮುಂಚೆ ವೈದ್ಯರನ್ನು ಕಂಡೇ ಬರಬೇಕು, ಎರಡನೇ ಹಂತಕ್ಕೆ ಹೋಗಬಾರದು. ಮೊದಲ ಹಂತದ ತನಕ ಅವರನ್ನೂ ಕರೆದೊಯ್ಯಿರಿ, ಕೋಣೆಯಲ್ಲಿ ಕೂರಿಸಿ ಹೋಗಬೇಡಿ. ಇನ್ಸುಲಿನ್ ಇದ್ದರೆ ವಿಮಾನದಲ್ಲಿ ಕೈಚೀಲದಲ್ಲೇ ಇರಲಿ, ಬೆಟ್ಟದಲ್ಲಿ ಜಾಕೆಟ್‌ನ ಒಳಜೇಬಿನಲ್ಲಿ ಮೈಗೆ ತಾಗಿರಲಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು. ಹಿಮದ ಮೇಲಿನ ಬಿಸಿಲು ಕಣ್ಣು ಸುಡುತ್ತದೆ, ಮಕ್ಕಳಿಗೂ ಕಪ್ಪು ಕನ್ನಡಕ ಹಾಕಿಸಿ.

• ರಾತ್ರಿ ಚಳಿಗೆ ಕೋಣೆಯಲ್ಲಿ ಇದ್ದಿಲ ಕುಂಡ ಇಟ್ಟುಕೊಂಡು ಬಾಗಿಲು ಕಿಟಕಿ ಮುಚ್ಚಿ ಯಾರೂ ಮಲಗಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ಪ್ರತಿ ಚಳಿಗಾಲ ಉತ್ತರದಲ್ಲಿ ಹೀಗೆ ಮನೆಮಂದಿಯೇ ಸಾಯುವ ಸುದ್ದಿ ಬರುತ್ತದೆ. ಹೊಗೆಕೊಳವೆ ಇರುವ ಬುಖಾರಿ ಒಲೆಯಾದರೂ ಮಲಗುವ ಮುಂಚೆ ಆರಿಸಿ. ದಪ್ಪ ರಜಾಯಿ, ಬಿಸಿನೀರಿನ ಚೀಲ, ವಿದ್ಯುತ್ ಹಾಸಿಗೆ ಕೇಳಿ ಪಡೆಯಿರಿ.

• ತಿಂಡಿ. ರಾಗಿ ಹುರಿಹಿಟ್ಟು ಎರಡು ಕೆ.ಜಿ. ಕಟ್ಟಿಕೊಳ್ಳಿ. ಬೆಲ್ಲ, ಬಿಸಿ ಹಾಲು ಬೆರೆಸಿದರೆ ಬೆಳಿಗ್ಗೆ ಸ್ಕೀಯಿಂಗ್‌ಗೆ ಹೋಗುವ ಮಕ್ಕಳಿಗೆ ಮಧ್ಯಾಹ್ನದ ತನಕ ಹಸಿವಿರದು. ಚಟ್ನಿಪುಡಿ, ನಿಪ್ಪಟ್ಟು ಸರಿ. ಉಪ್ಪಿನಕಾಯಿ ಇದ್ದರೆ ಬಿಗಿಯಾಗಿ ಮುಚ್ಚಿ ದೊಡ್ಡ ಚೀಲಕ್ಕೆ ಹಾಕಿ. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು. ಒಣ ಕೊಬ್ಬರಿ ಬೇಡ, ಎಣ್ಣೆ ಅಂಶದಿಂದಾಗಿ ವಿಮಾನದಲ್ಲಿ ಅದನ್ನು ಬೇಗ ಬೆಂಕಿ ಹಿಡಿಯುವ ವಸ್ತು ಎಂದೇ ಎಣಿಸುತ್ತಾರೆ.

• ಹೊರರಾಜ್ಯದ ಪ್ರಿಪೇಯ್ಡ್ ಸಿಮ್ ಜಮ್ಮು–ಕಾಶ್ಮೀರದಲ್ಲಿ ನಡೆಯುವುದಿಲ್ಲ. ಮನೆಯಲ್ಲಿ ಇಬ್ಬರ ನಂಬರಾದರೂ ಪೋಸ್ಟ್‌ಪೇಯ್ಡ್ ಆಗಿರಲಿ. ಹಸು ನೋಡಿಕೊಳ್ಳುವವರಿಗೆ ಆ ನಂಬರನ್ನೇ ಕೊಡಿ. ಹಿಂದಿ ಬಾರದಿದ್ದರೆ ಅಂಜಬೇಡಿ, ಕೋಲಾರ, ಮುಳಬಾಗಿಲಿನ ಪೇಟೆಯಲ್ಲಿ ಕಿವಿಗೆ ಬಿದ್ದ ಉರ್ದು ಅಲ್ಲಿ ಸಾಕಷ್ಟು ಸಹಾಯಕ್ಕೆ ಬರುತ್ತದೆ. ಗೊಂಡೊಲಾ ಟಿಕೆಟ್ ಆನ್‌ಲೈನ್‌ನಲ್ಲೇ ಮೊದಲೇ ಮಾಡಿಸಿ. ಜೋರು ಗಾಳಿ ಬಂದರೆ ಮೇಲಿನ ಹಂತ ನಿಲ್ಲಿಸುತ್ತಾರೆ, ಜಗಳಕ್ಕೆ ನಿಲ್ಲಬೇಡಿ.

• ಗುರುತು ಹಾಕಿದ ಇಳಿಜಾರು ಬಿಟ್ಟು ಆಚೆ ಕಾಲಿಡಬೇಡಿ. ಅಫರ್ವತ್‌ನ ಹೊರ ಇಳಿಜಾರುಗಳಲ್ಲಿ 2023ರ ಫೆಬ್ರವರಿಯಲ್ಲಿ ಹಿಮಕುಸಿತಕ್ಕೆ ಪೋಲೆಂಡಿನ ಇಬ್ಬರು ಸಿಕ್ಕಿ ಸತ್ತರು, ಮರುವರ್ಷ ಫೆಬ್ರವರಿಯಲ್ಲಿ ರಷ್ಯಾದ ಒಬ್ಬರು. ಅವರೆಲ್ಲ ಸ್ಕೀ ಬಲ್ಲವರು. ಹದಿಹರೆಯದ ಹುಡುಗರ ಕಡೆ ಒಂದು ಕಣ್ಣಿರಲಿ. ವಿಮೆ ಮಾಡಿಸುವಾಗ ಸ್ಕೀಯಿಂಗ್ ಗಾಯಕ್ಕೆ ಹಣ ಬರುತ್ತದೆಯೇ ಎಂದು ಓದಿಯೇ ಸಹಿ ಹಾಕಿ, ಸಾಹಸ ಕ್ರೀಡೆಯನ್ನು ಹೊರಗಿಟ್ಟ ಪಾಲಿಸಿಗಳೇ ಹೆಚ್ಚು.

• ಊರು ಸೇರಿದ ದಿನವೇ, ಚೀಲ ಬಿಚ್ಚುವ ಮುಂಚೆ, ಹಸು ಕರೆದವರ ಮನೆಗೂ ತೋಟ ಕಾದವರ ಮನೆಗೂ ಹೋಗಿ ಕೊಡಬೇಕಾದ ಹಣ ಕೊಟ್ಟು ಬನ್ನಿ. ಬೆಟ್ಟದಿಂದ ತಂದ ಆಕ್ರೋಟಿನಲ್ಲಿ ಮೊದಲ ಪಾಲು ಅವರದು. ಮುಂದಿನ ಚಳಿಗಾಲ ಅವರ ಮನೆಯವರು ಹೊರಡಲಿ, ಆಗ ಅವರ ಹಸು ಕರೆಯಲು ನೀವು ಹೋಗಿ.